ನಿಂತ ಇಟ್ಟಿಗೆ

ಏರುವ ಇಟ್ಟಿಗೆಯನ್ನು ಹಿಡಿಯಬೇಡ, ಇಳಿಯುವ ಇಟ್ಟಿಗೆಯನ್ನು ಹಿಡಿಯಬೇಡ, ನಿಂತ ಇಟ್ಟಿಗೆಯನ್ನು ಹಿಡಿ. ಶಿಕಾರಿಪುರದ ಭೀಮಣ್ಣನಿಗೆ ಅವನ ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಈ ಒಂದು ಮಾತು, ಮತ್ತು ಗಾರೆ ಮೆತ್ತುವ, ಹಿಡಿ ಸವೆದ ಒಂದು ಕರಣೆ. ಕರಣೆ ಎಂದೋ ಕಳೆದುಹೋಯಿತು. ಮಾತು ಉಳಿಯಿತು.

ಅಪ್ಪನೂ ಗಾರೆ ಕೆಲಸದವನೇ. ಮಗನನ್ನು ಮೊದಲ ಸಲ ಗೋಡೆಗೆ ಕಟ್ಟಿದ ಬೊಂಬಿನ ಸಾರುವೆಯ ಮೇಲೆ ಕೂರಿಸಿದ ದಿನವೇ ಆ ಮಾತನ್ನು ಹೇಳಿದ್ದ. ಕೆಳಗಿನಿಂದ ಎಸೆದ ಇಟ್ಟಿಗೆ ಮೇಲೇರುತ್ತ ಏರುತ್ತ ತನ್ನ ವೇಗವನ್ನೆಲ್ಲ ಕಳೆದುಕೊಂಡು, ಇಳಿಯುವುದಕ್ಕೆ ಮುಂಚೆ ಗಾಳಿಯಲ್ಲಿ ಒಂದೇ ಒಂದು ಕ್ಷಣ ಸುಮ್ಮನೆ ನಿಲ್ಲುತ್ತದೆ. ಅದಕ್ಕಿಂತ ಮುಂಚೆ ಕೈಯೊಡ್ಡಿದರೆ ಬೆರಳು ಜಜ್ಜುತ್ತದೆ. ತಡವಾದರೆ ಮಣಿಕಟ್ಟು ಉಳುಕುತ್ತದೆ. ನಿಂತಾಗ ಹಿಡಿದರೆ ಮಾತ್ರ ಅಷ್ಟು ಒರಟಾದ ವಸ್ತುವೂ ಕೋಳಿಮರಿಯ ಹಾಗೆ ಅಂಗೈಯಲ್ಲಿ ಬಂದು ಕೂರುತ್ತದೆ.

ಭೀಮಣ್ಣನಿಗೆ ಕೆಳಗಿನಿಂದ ಇಟ್ಟಿಗೆ ಎಸೆಯುತ್ತಿದ್ದವಳು ಅವನ ಹೆಂಡತಿ ಚೌಡೇಶ್ವರಿ. ಹೆಂಗಸರು ಇಟ್ಟಿಗೆ ಹೊರುವುದುಂಟು, ಎಸೆಯುವುದು ಅಪರೂಪ. ಅವಳು ಸೊರಬದ ಕಡೆಯವಳು. ಹುಲ್ಲಿನ ಹೊರೆಯನ್ನು ಬಣವೆಯ ಮೇಲೆ ನಿಂತವನಿಗೆ ಎಸೆದು ಎಸೆದು ಚಿಕ್ಕಂದಿನಲ್ಲೇ ತೋಳು ಪಳಗಿತ್ತು. ಮದುವೆಯಾದ ಹೊಸದರಲ್ಲಿ, ಎಸೆಯುವ ಆಳು ಬಾರದ ಒಂದು ದಿನ, ಸೆರಗು ಬಿಗಿದು ತಾನೇ ನಿಂತಳು. ಅಂದಿನಿಂದ ಆ ಜೋಡಿ ಬದಲಾಗಲಿಲ್ಲ. ಎಸೆಯುವಾಗ ಅವಳು “ಹೋ” ಎನ್ನುವಳು. ಮೇಲೆ “ಟಪ್” ಎಂದು ಅಂಗೈಯ ಸದ್ದು. ಅಷ್ಟು ಹೊತ್ತಿಗೆ ಅವಳು ಮುಂದಿನ ಇಟ್ಟಿಗೆಗೆ ಬಗ್ಗಿರುತ್ತಿದ್ದಳು. ಎಸೆದದ್ದು ಏನಾಯಿತೆಂದು ಅವಳು ತಲೆಯೆತ್ತಿ ನೋಡಿದ್ದೇ ಇಲ್ಲ. ಎಂದಾದರೊಂದು ಸಲ ಇಟ್ಟಿಗೆ ಕೈತಪ್ಪಿದರೆ ಮೇಲಿದ್ದವನು “ಹೋತು!” ಎಂದು ಕೂಗಬೇಕು, ಕೆಳಗಿದ್ದವಳು ಹಿಂದಕ್ಕೆ ಹಾರಬೇಕು. ಕೆಲಸದ ಕಟ್ಟುಪಾಡು ಅದೊಂದೇ.

ಹೋದ ದೀಪಾವಳಿಯ ಹೊತ್ತಿಗೆ ಭೀಮಣ್ಣನ ಕಣ್ಣಿಗೆ ಮಂಜು ಕವಿಯತೊಡಗಿತು. ಮೊದಲು ಒಲೆಯ ಹೊಗೆಯೆಂದುಕೊಂಡ. ಆಮೇಲೆ ಸಿಮೆಂಟಿನ ಧೂಳೆಂದುಕೊಂಡ. ಹಿತ್ತಲ ಮೂಲೆಯಲ್ಲಿ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದ ದಿನ ಸಂಶಯ ಉಳಿಯಲಿಲ್ಲ. ಅಪ್ಪನಿಗೂ ಹೀಗೆಯೇ ಪೊರೆ ಬಂದಿತ್ತು. ಬಹಳ ಹಿಂದಿನ ಮಾತು; ಯಾವುದೋ ಊರಿನ ಶಿಬಿರಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಕಟ್ಟು ಬಿಚ್ಚಿದ ದಿನ ಬೆಳಕು ಕಂಡಿತು. ತಿಂಗಳು ಕಳೆಯುವುದರೊಳಗೆ ಅದೂ ಆರಿತು. ಬದುಕಿರುವಷ್ಟು ಕಾಲ ಅಪ್ಪ ಜಗಲಿಯ ಮೇಲೆ ಕುಳಿತು, ದಾರಿಯಲ್ಲಿ ಲಾರಿ ಹೋದರೆ ಸದ್ದು ಕೇಳಿ “ಮರಳು”, “ಜಲ್ಲಿ” ಎಂದು ಹೇಳುತ್ತಿದ್ದ. ಹಿತ್ತಲಿಗೆ ಹೋಗುವುದಕ್ಕೂ ಭೀಮಣ್ಣನೇ ಅವನ ಕೈ ಹಿಡಿದು ನಡೆಸಬೇಕಾಗಿತ್ತು.

ಆ ಕೈಯ ನೆನಪು ಅವನ ಬಾಯಿ ಕಟ್ಟಿತು. ಹೆಂಡತಿಗೆ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. ಹೇಳಿದರೆ ಮರುದಿನವೇ ಸಾರುವೆಯಿಂದ ಇಳಿಸುತ್ತಾರೆ, ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಆಮೇಲೆ ಜಗಲಿ.

ಹಾಗಿದ್ದರೂ ಇಟ್ಟಿಗೆ ಕೈಗೆ ಬರುತ್ತಲೇ ಇತ್ತು. ಕೆಳಗಿನ ಮರಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು, ಅದರ ನಡುವೆ ಚೌಡೇಶ್ವರಿ ಒಂದು ನೆರಳು. ಇಟ್ಟಿಗೆಯಂತೂ ಕಾಣುತ್ತಲೇ ಇರಲಿಲ್ಲ. ಆದರೆ ಅವಳ ಎಸೆತ ಎಂದೂ ಒಂದೇ ಜಾಗಕ್ಕೆ ಬರುವಂಥದು. ಎಲ್ಲಿ ಹಿಡಿಯಬೇಕೆಂಬುದು ಅಂಗೈಗೆ ಗೊತ್ತಿತ್ತು. ಯಾವಾಗ ಹಿಡಿಯಬೇಕೆಂಬುದಕ್ಕೆ ಮಾತ್ರ ಕಣ್ಣು ಬೇಕಾಗಿತ್ತು. ಆ ಕಣ್ಣಿನ ಬದಲು ಅವನು ಒಂದು ಹೆಸರನ್ನು ಇಟ್ಟುಕೊಂಡ. ಕೆಳಗೆ “ಹೋ” ಎಂದೊಡನೆ ಮನಸ್ಸಿನಲ್ಲಿ “ಚೌಡೀ” ಎನ್ನುವುದು. ಹೆಸರು ಮುಗಿದೊಡನೆ ಕೈ ಮುಚ್ಚುವುದು. ಅದು ಊರ ದೇವಿಯ ಹೆಸರೋ ಹೆಂಡತಿಯ ಹೆಸರೋ ಕೇಳಿದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚಿನದೆಲ್ಲ ತಗ್ಗಿನ ಸಾರುವೆಯ ಕೆಲಸ; ಅದಿಷ್ಟೂ ಆ ಒಂದು ಹೆಸರಿನ ಮೇಲೆ ನಡೆಯಿತು.

ಸೊರಬದಲ್ಲಿ ಮಹೇಶ್ವರಪ್ಪನವರ ಅಂಗಡಿ ಮಳಿಗೆಯನ್ನು ಕಟ್ಟಲು ಲೋಕಪ್ಪ ಮೇಸ್ತ್ರಿ ಒಪ್ಪಿಕೊಂಡಾಗ ಗಂಡಹೆಂಡತಿ ಇಬ್ಬರೂ ದಿನಾ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿಬರತೊಡಗಿದರು. ಗೋಡೆ ಎದೆಮಟ್ಟ ಬರುವವರೆಗೆ ತೊಂದರೆಯಿರಲಿಲ್ಲ. ಆಮೇಲೆ ಸಾರುವೆಯನ್ನು ಏರಿಸಿದರು. ಮೊದಲು ಅವಳ ಕೈಯಿಂದ ಅವನ ಕೈಗೆ ನಾಲ್ಕಡಿಯಿದ್ದ ಅಂತರ ಈಗ ಎಂಟಡಿಯಾಯಿತು. ಭೀಮಣ್ಣ ತನ್ನೊಳಗೇ ಲೆಕ್ಕ ಹಾಕಿದ. ಎತ್ತರ ಎರಡರಷ್ಟು, ಹಾಗಾದರೆ ಹೊತ್ತೂ ಎರಡರಷ್ಟು. “ಹೋ” ಎಂದ ಕೂಡಲೇ “ಚೌಡೀ ಚೌಡೀ” ಎಂದು ಎರಡು ಸಲ ಹೇಳಿ ಕೈ ಮುಚ್ಚಿದ.

ಕೈಯಲ್ಲಿ ಗಾಳಿ. ಇಳಿಯುತ್ತಿದ್ದ ಇಟ್ಟಿಗೆಯ ಅಂಚು ಉಗುರಿಗೆ ಸವರಿತು. “ಹೋತು!” ಎಂದು ಕೂಗಿದ. ಚೌಡೇಶ್ವರಿ ಹಿಂದಕ್ಕೆ ಹಾರಿದಳು. ಇಟ್ಟಿಗೆ ಮರಳಿನಲ್ಲಿ ಹೂತುಕೊಂಡಿತು.

ಲೋಕಪ್ಪ ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ನಕ್ಕ. “ಏನ್ ಭೀಮಣ್ಣ, ಮ್ಯಾಲೆ ಕುಂತ್ಕಂಡು ನಿದ್ದಿ ಹೊಡೀತೀಯೇನು? ಹಾಸಿಗಿ ಕಳಿಸ್ಲಾ?”

“ದಿಂಬೂ ಕಳಸ್ರಿ” ಎಂದ ಭೀಮಣ್ಣ. ಎಲ್ಲರೂ ನಕ್ಕರು. ಅಂದು ಉಳಿದ ಹೊತ್ತನ್ನು ಕೈನೋವೆಂದು ನೆಪ ಹೇಳಿ, ಗಾರೆ ಕಲಸಿ ಕಳೆದ.

ಸಂಜೆ ಮನೆಯಲ್ಲಿ ಮಗಳು ಮೈತ್ರಿ ಪುಸ್ತಕ ಹರಡಿಕೊಂಡು ಕುಳಿತಿದ್ದಳು. ಎರಡನೆಯ ಪಿಯುಸಿ, ವಿಜ್ಞಾನ. ಭೀಮಣ್ಣ ಅವಳ ಪಕ್ಕದಲ್ಲಿ ಕುಳಿತು, ಏನೂ ಆಗಿಲ್ಲದವನ ಹಾಗೆ ಮಾತು ತೆಗೆದ.

“ಮೈತ್ರಿ, ಮ್ಯಾಲಕ್ಕೆ ಎಸೆದಿದ್ದು ಎಷ್ಟೊತ್ತಿಗೆ ನಿಲ್ತೈತಿ ಅಂತ ನಿಮ್ ಪುಸ್ತಕದಾಗೆ ಐತೇನು?”

“ಅದೇ ಐತಲ್ಲಪ್ಪ. ಹೋದ ವರ್ಷ ಅದೇ ಲೆಕ್ಕ ಮಾಡಿ ಮಾಡಿ ಸಾಕಾಗಿ ಹೋಗೇತಿ. ನಿನಗ್ಯಾಕೆ ಅದು?”

“ಮೇಸ್ತ್ರಿ ಕೂಡೆ ಪಂದ್ಯ ಕಟ್ಟೀನಿ. ಕಣ್ಣು ಮುಚ್ಕಂಡು ಇಟ್ಟಿಗೆ ಹಿಡೀತೀನಿ ಅಂತ. ಮೊದ್ಲು ನಾಲ್ಕಡಿ ಇತ್ತು, ಈಗ ಎಂಟಡಿ ಆಗೇತಿ.”

ಮೈತ್ರಿಗೆ ಖುಷಿಯಾಯಿತು. ಅಪ್ಪ ಅವಳ ಪುಸ್ತಕದೊಳಗಿನ ವಿಷಯವನ್ನು ಕೇಳಿದ್ದು ಅದೇ ಮೊದಲು. ಹಾಳೆ ತೆಗೆದು, ಪೆನ್ನು ಹಿಡಿದು, ತನ್ನ ಲೆಕ್ಚರರ್ ಹೇಳುವ ಧಾಟಿಯಲ್ಲೇ ಶುರು ಮಾಡಿದಳು.

“ನೋಡು, ಇಟ್ಟಿಗೆ ಕೈ ಬಿಟ್ಟಾಗ ಅದಕ್ಕೆ ಒಂದು ವೇಗ ಇರ್ತೈತಿ. ಸೆಕೆಂಡಿಗೆ ಐದು ಮೀಟರ್ ಅಂತ ಇಟ್ಕೋ. ಭೂಮಿ ಅದನ್ನ ಕೆಳಗೆ ಜಗ್ತಾನೇ ಇರ್ತೈತಿ. ಒಂದು ಸೆಕೆಂಡಿಗೆ ಹತ್ತರಷ್ಟು ವೇಗ ಕಿತ್ಕೊಂತೈತಿ. ಹಂಗಾದ್ರೆ ಇರೋ ಐದು ಖಾಲಿ ಆಗಾಕೆ ಎಷ್ಟೊತ್ತು ಬೇಕು?”

“ಅರ್ಧ ಸೆಕೆಂಡು.”

“ಅಷ್ಟೇ. ಎಸೆದ ವೇಗನ ಹತ್ತರಿಂದ ಭಾಗಿಸಿದ್ರೆ ನಿಲ್ಲೋ ಹೊತ್ತು ಬಂತು. ನಿಮ್ ನಾಲ್ಕಡಿಗೆ ಹೆಚ್ಚು ಕಡಿಮೆ ಇದೇ ಲೆಕ್ಕ.”

“ಎತ್ತರ ಡಬಲ್ ಆದ್ರೆ ಹೊತ್ತೂ ಡಬಲ್ ಅಲ್ಲೇನು?”

“ಅಲ್ಲಪ್ಪ, ಎಲ್ಲಾರೂ ಅಲ್ಲೇ ತಪ್ಪು ಮಾಡೋದು. ಜೋರಾಗಿ ಎಸೆದ್ರೆ ಇಟ್ಟಿಗೆ ಜಾಸ್ತಿ ಹೊತ್ತೂ ಏರ್ತೈತಿ, ಜಾಸ್ತಿ ಬೇಗನೂ ಏರ್ತೈತಿ. ವೇಗ ಡಬಲ್ ಮಾಡಿದ್ರೆ ಎತ್ತರ ನಾಲ್ಕು ಪಟ್ಟು ಆಗಿಬಿಡ್ತೈತಿ. ನಿನಗೆ ಎತ್ತರ ಎರಡೇ ಪಟ್ಟು ಸಾಕು. ಅದಕ್ಕೆ ವೇಗ ಒಂದೂವರೆ ಪಟ್ಟೂ ಬೇಕಾಗಲ್ಲ. ಹೊತ್ತೂ ಅಷ್ಟೇ, ಒಂದೂವರೆಗೆ ಒಂಚೂರು ಕಡಿಮೆ.”

ಭೀಮಣ್ಣ ಹೆಬ್ಬೆರಳಿನಿಂದ ಉಗುರನ್ನು ತಡವಿಕೊಂಡ. ಉಗುರಿಗೆ ಸವರಿಹೋದ ಇಟ್ಟಿಗೆ ಈಗ ಅರ್ಥವಾಗುತ್ತಿತ್ತು. ಅವನು ಎರಡನೆಯ ಸಲ ಹೆಸರು ಹೇಳುತ್ತಿದ್ದಾಗಲೇ ಅದು ನಿಂತು, ಬೇಸತ್ತು, ಹಿಂದಿರುಗಿತ್ತು.

“ಇಟ್ಟಿಗೆ ಭಾರ ಇದ್ರೆ? ಹಗುರ ಇದ್ರೆ?”

“ಭಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಲೆಕ್ಕದಾಗೆ ಭಾರ ಬರೋದೇ ಇಲ್ಲ. ನೋಡು, ಎಲ್ಲಾದ್ರೂ ಐತಾ?” ಎಂದು ಹಾಳೆಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ತಿರುವುಮುರುವಾಗಿ ಹಿಡಿದುಕೊಂಡು, ಗಂಭೀರವಾಗಿ ತಲೆಯಾಡಿಸಿದ. ಅಪ್ಪ ತಮಾಷೆ ಮಾಡುತ್ತಿದ್ದಾನೆಂದು ಮೈತ್ರಿ ನಕ್ಕಳು.

ಅವನು ಹೇಗೆ ಎಣಿಸುತ್ತಾನೆಂದು ಕೇಳಿ, “ಚೌಡೀ” ಎಂದು ಹೇಳಿಸಿ, ಮೊಬೈಲಿನಲ್ಲಿ ಹೊತ್ತು ನೋಡಿದಳು. ಅರ್ಧ ಸೆಕೆಂಡಿಗೆ ಸರಿಯಾಗಿತ್ತು. “ಇದು ಎರಡು ಗುರು, ಅಂದ್ರೆ ನಾಲ್ಕು ಮಾತ್ರೆ. ನಿನಗೆ ಬೇಕಾಗಿರೋದು ಐದೂವರೆ ಚಿಲ್ರೆ. ‘ಚೌಡಮ್ಮಾ’ ಅಂದ್ರೆ ಆರಾಗ್ತೈತಿ. ಒಂಚೂರು ಬೇಗ ಅನ್ನು, ಸರಿಹೋಗ್ತೈತಿ.”

ತಂದೆಮಗಳಿಬ್ಬರೂ “ಚೌಡಮ್ಮಾ, ಚೌಡಮ್ಮಾ” ಎಂದು ಹೇಳಿಕೊಳ್ಳುತ್ತಿದ್ದುದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳಿಗೆ ಕೇಳಿಸಿತು.

“ಏನ್ರೀ ಅದು, ಅಪ್ಪ ಮಗಳು ಕೂತ್ಕಂಡು ನನ್ನ ಹೆಸರಿನ ಜಪ ಮಾಡ್ತಿದ್ದೀರಿ?”

“ನಿನ್ನ ಹೆಸರಲ್ಲ ಮಾರಾಯ್ತಿ, ದೇವಿ ಹೆಸರು.”

“ಹೌದೌದು. ನಾನು ದೇವಿ ಆಗಿದ್ರೆ ಇಟ್ಟಿಗೆ ಹೊರ್ತಿದ್ನಾ? ನಿಮ್ಮ ಹತ್ರ ಹೊರಿಸ್ತಿದ್ದೆ.”

ಮರುದಿನ ಬೆಳಿಗ್ಗೆ ಭೀಮಣ್ಣ ಸಾರುವೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೈ ಚಾಚಿದ. ಕೆಳಗೆ “ಹೋ.” ಮನಸ್ಸಿನಲ್ಲಿ “ಚೌಡಮ್ಮಾ.” ಕೈ ಮುಚ್ಚಿದ. ಟಪ್. ಕೋಳಿಮರಿಯ ಹಾಗೆಯೇ ಬಂದು ಕುಳಿತಿತು. ಇನ್ನೊಂದು. ಮತ್ತೊಂದು. ಊಟದ ಹೊತ್ತಿನವರೆಗೆ ಒಂದೂ ತಪ್ಪಲಿಲ್ಲ. ಲೋಕಪ್ಪ ಮೇಸ್ತ್ರಿಯೇ ಕೆಳಗೆ ನಿಂತು “ಇವತ್ತು ಹಾಸಿಗಿ ಬ್ಯಾಡ್ವೇನಪ್ಪಾ” ಎಂದ. ಬುತ್ತಿ ಬಿಚ್ಚುವಾಗ ಭೀಮಣ್ಣನಿಗೆ ಕಣ್ಣೇ ಮರಳಿ ಬಂದಷ್ಟು ನೆಮ್ಮದಿ. ಪುಸ್ತಕದ ಲೆಕ್ಕವೊಂದು ಕೈಯಲ್ಲಿರುವಾಗ ಕಣ್ಣಿನ ಹಂಗೇಕೆ ಎಂದುಕೊಂಡ. ಇನ್ನೊಂದು ವರ್ಷ, ಎರಡು ವರ್ಷ, ಮಗಳ ಓದು ಒಂದು ದಡ ಮುಟ್ಟುವವರೆಗೆ ಹೀಗೆಯೇ ನಡೆದೀತು.

ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಅದಕ್ಕೆ ನೆನೆಸಿ ಕಟ್ಟುವುದು ಕ್ರಮ. ಇವರು ಎಂದೂ ಒಣಗಿದ್ದನ್ನೇ ಮೇಲೆ ಎಸೆದು, ಮೇಲೆಯೇ ನೀರು ಹಾಕಿ ನೆನೆಸುತ್ತಿದ್ದರು. ಆದರೆ ಆ ನೀರು ಪಕ್ಕದ ಅಂಗಡಿಯವರ ಹೊಸ ಬಣ್ಣದ ಗೋಡೆಯ ಮೇಲೆ ಇಳಿಯಿತೆಂದು ಅಂದು ಮಧ್ಯಾಹ್ನ ತಕರಾರು ಬಂತು. ಲೋಕಪ್ಪ ಮೇಸ್ತ್ರಿ ಕೆಳಗೇ ಒಂದು ಡ್ರಮ್ ಇರಿಸಿ, ನೀರು ತುಂಬಿಸಿ, ಇಟ್ಟಿಗೆಗಳನ್ನು ಅದರಲ್ಲಿ ಮುಳುಗಿಸಿದ. ಊಟ ಮುಗಿಸಿ ಬಂದ ಚೌಡೇಶ್ವರಿ ನೀರು ಸೋರುವ ಇಟ್ಟಿಗೆಯೊಂದನ್ನು ಎತ್ತಿ ನೋಡಿದಳು.

“ಇವು ಭಾಳ ಭಾರ ಬಂದಾವೆ ಕಣ್ರೀ” ಎಂದು ಮೇಲಕ್ಕೆ ಕೂಗಿದಳು.

ಬೆಳಗಿನ ಗೆಲುವು ಇನ್ನೂ ಭೀಮಣ್ಣನ ತಲೆಯಲ್ಲಿತ್ತು. “ಭಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀನು ಎಸಿ” ಎಂದ.

ಮೊದಲ ಕೆಲವನ್ನು ಅವಳು ಸೊಂಟ ಬಗ್ಗಿಸಿ, ಇಡೀ ಮೈಯ ಬಲ ಹಾಕಿ ಎಸೆದಳು. ಅವು ಬಂದವು. ಆಮೇಲೆ ತೋಳು ಸೋಲತೊಡಗಿತು. ತೋಳು ಎಂದಿನ ಹಾಗೆಯೇ ಬೀಸಿತು. ಆದರೆ ನೀರು ಕುಡಿದ ಇಟ್ಟಿಗೆ ಎಂದಿನ ವೇಗದಲ್ಲಿ ಹೊರಡಲಿಲ್ಲ. ಕಡಿಮೆ ವೇಗದಲ್ಲಿ ಹೊರಟದ್ದು ಬೇಗ ನಿಂತಿತು. ಅವನ ಕೈಗಿಂತ ಒಂದು ಮೊಳ ಕೆಳಗೇ ನಿಂತಿತು. ಕಣ್ಣಿದ್ದವನಾಗಿದ್ದರೆ ಬಗ್ಗಿ ಹಿಡಿಯುತ್ತಿದ್ದ, ಇಲ್ಲವೇ ಕೂಗುತ್ತಿದ್ದ. ಭೀಮಣ್ಣ “ಚೌಡಮ್ಮಾ” ಎಂದುಕೊಂಡು, ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ, ಏನೂ ಇಲ್ಲದ ಗಾಳಿಯನ್ನು ಹಿಡಿದ.

ಈ ಸಲ ಉಗುರಿಗೂ ಸವರಲಿಲ್ಲ. ಏನಾಯಿತೆಂದು ಅವನು ಯೋಚಿಸುವಷ್ಟರಲ್ಲಿ ಕೆಳಗಿನಿಂದ ಒಂದು ಸದ್ದು ಬಂತು. ಅದು ಮರಳಿನ ಮೇಲೆ ಬಿದ್ದ ಸದ್ದಲ್ಲ.

ಮುಂದಿನ ಇಟ್ಟಿಗೆಗೆಂದು ಡ್ರಮ್ಮಿನ ಮೇಲೆ ಬಗ್ಗಿದ್ದ ಚೌಡೇಶ್ವರಿಯ ಬಲ ಹೆಗಲಿನ ಮೇಲೆ ಅದು ಬಿದ್ದಿತ್ತು. ಅವಳು ಅರಚಲಿಲ್ಲ. ಡ್ರಮ್ಮಿನ ಅಂಚು ಹಿಡಿದುಕೊಂಡು ಮೆಲ್ಲಗೆ ಕುಸಿದಳು. ಒಂದು ಗೇಣು ಈಚೆಗಾಗಿದ್ದರೆ ತಲೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಹೆಗಲಿನ ಮೂಳೆ ಮುರಿದಿದೆಯೆಂದು ಹೇಳಿ, ತೋಳನ್ನು ಎದೆಗೆ ಸೇರಿಸಿ ಕಟ್ಟು ಹಾಕಿದರು. ಎಲ್ಲರೂ ಆಚೆ ಹೋದ ಮೇಲೆ ಚೌಡೇಶ್ವರಿ ಗಂಡನ ಕಡೆ ತಿರುಗಿದಳು.

“ಹೋತು ಅಂತ ಯಾಕೆ ಕೂಗ್ಲಿಲ್ಲ?”

ಅವನು ನೆಲ ನೋಡಿದ.

“ಕೇಳಿದ್ದು ನಿಮ್ಮನ್ನೇ. ಯಾಕೆ ಕೂಗ್ಲಿಲ್ಲ?”

“ಕಾಣ್ಲಿಲ್ಲ.”

“ಏನು ಕಾಣ್ಲಿಲ್ಲ?”

“ಇಟ್ಟಿಗೆ.”

“ಯಾವತ್ತಿಂದ?”

“ಹೋದ ದೀಪಾವಳಿಯಿಂದ.”

ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಅವನನ್ನು ನೀವು ಎಂದೇ ಕರೆದವಳು. ಅಂದು ಹಾಗೆ ಕರೆಯಲಿಲ್ಲ. “ಕಣ್ಣು ಕಾಣ್ದೆ ಇದ್ದೋನು ಮೇಲೆ ಕೂತ್ಕಂಡು, ನನ್ನ ಕೆಳಗೆ ನಿಲ್ಲಿಸಿದ್ಯಾ? ಇಷ್ಟು ದಿನ? ಒಂದು ದಿನಾದ್ರೂ ನಾನು ತಲೆ ಎತ್ತಿ ನೋಡಿದ್ನಾ? ಮೇಲೆ ನಿನ್ನ ಕೈ ಐತೆ ಅಂತ ಬಗ್ಗತಿದ್ದೆ. ಇಳಿಯಕ್ಕೆ ನಾಚ್ಕೆ ಆಗಿದ್ರೆ, ನನಗೊಂದು ಮಾತು ಹೇಳಿದ್ರೆ, ನಾನಾದ್ರೂ ನೋಡ್ಕಂತಿದ್ದೆ.” ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಸಂಜೆಯ ಬಸ್ಸಿಗೆ ಮೈತ್ರಿ ಬಂದಳು. ಅಮ್ಮನನ್ನು ನೋಡಿ, ನಡೆದದ್ದನ್ನು ಕೇಳಿ, ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತಳು. ಅಳುವುದನ್ನು ತಡೆಯಲು ನೋಡಿ ಸೋತಳು.

“ಹಾಳೆನ ತಿರುವುಮುರುವು ಹಿಡಿದಿದ್ದೆ ನೀನು. ನಾನು ನೋಡಿ ನಕ್ಕೆ. ಭಾರಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿದ್ದೂ ನಾನೇ. ನಿಲ್ಲೋ ಹೊತ್ತು ವೇಗದ ಮೇಲೆ, ವೇಗ ಅವ್ವನ ತೋಳಿನ ಮೇಲೆ. ಒದ್ದೆ ಇಟ್ಟಿಗೆ ಆದ್ರೆ ತೋಳು ಸೋಲ್ತೈತಿ ಅಂತ ನನಗೆ ಹೊಳೀಲೇ ಇಲ್ಲಪ್ಪ. ಪುಸ್ತಕದಾಗೆ ಎಸೆಯೋರು ಯಾರೂ ಇರಲ್ಲ.”

“ನಿನ್ನ ಲೆಕ್ಕ ಸರಿ ಇತ್ತು ಮಗಳೇ” ಎಂದ ಭೀಮಣ್ಣ. “ನಾನು ಕೇಳಿದ್ದೇ ಕಳ್ಳ ಮಾತು. ಕಣ್ಣು ಕಾಣದೋನು ಇಟ್ಟಿಗೆ ಹೆಂಗೆ ಹಿಡೀಬೇಕು ಅಂತ ಕೇಳಿದ್ರೆ ನೀನು ಬ್ಯಾರೇನೇ ಹೇಳ್ತಿದ್ದೆ.”

“ಹಿಡೀಬಾರದು ಅಂತಿದ್ದೆ.”

“ಅದಕ್ಕೇ ಕೇಳ್ಲಿಲ್ಲ.”

ಆ ಮೇಲಿನ ದಿನಗಳಲ್ಲಿ ಚೌಡೇಶ್ವರಿ ಅವನೊಂದಿಗೆ ಮಾತು ಬಿಟ್ಟಳು. ಎಡಗೈಯಲ್ಲೇ ತಟ್ಟೆ ತಂದು ಅವನ ಮುಂದೆ ಇಡುವಳು. ಬೇಕಾದ್ದನ್ನು ಮೈತ್ರಿಯ ಮೂಲಕ ಹೇಳಿಸುವಳು. ಶಿವಮೊಗ್ಗದ ಕಣ್ಣಿನ ಡಾಕ್ಟರಿಗೆ ತೋರಿಸಲು ದಿನ ಗೊತ್ತುಮಾಡಿದ್ದೂ ಹಾಗೆಯೇ. “ಬೆಳಿಗ್ಗೆ ನನ್ನ ಕಟ್ಟು ನೋಡ್ಸಕ್ಕೆ ಸೊರಬಕ್ಕೆ ಹೋಗೋದು, ಅಲ್ಲಿಂದ ಶಿವಮೊಗ್ಗದ ಬಸ್ಸು. ಬರೋ ಮನಸ್ಸಿದ್ರೆ ಬರ್ಲಿ ಅಂತ ಹೇಳು ನಿಮ್ಮಪ್ಪಂಗೆ” ಎಂದಳು, ಅಪ್ಪ ಎದುರಿಗೇ ಕುಳಿತಿದ್ದಾಗ. ಭೀಮಣ್ಣ ಮಗಳ ಕಡೆಗೇ ತಿರುಗಿ “ಬರ್ತೀನಿ ಅಂತ ಹೇಳು” ಎಂದ.

ಮಳಿಗೆ ಕಟ್ಟುತ್ತಿದ್ದ ಜಾಗ ಬಸ್ ನಿಲ್ದಾಣಕ್ಕೆ ಹತ್ತಿರ. ಕಟ್ಟು ನೋಡಿಸಿಕೊಂಡ ಮೇಲೆ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಭೀಮಣ್ಣ ಅತ್ತ ಹೊರಟ. ಅವಳು ಮಾತಾಡದೆ ಹಿಂದೆಯೇ ಬಂದಳು. ಲೋಕಪ್ಪ ಮೇಸ್ತ್ರಿ ಅವಳನ್ನು ಕಂಡು ಬೀಡಿ ಎಸೆದು ಎದ್ದು ನಿಂತ. ಹೆಗಲಿನ ನೋವು ವಿಚಾರಿಸಿದ. ಭೀಮಣ್ಣ ತನ್ನ ಕಣ್ಣಿನ ಸಂಗತಿಯನ್ನು ಒಂದೂ ಬಿಡದೆ ಹೇಳಿದ.

ಲೋಕಪ್ಪ ಬೈಯಲಿಲ್ಲ. ಅವನು ಬೈದಿದ್ದರೆ ಭೀಮಣ್ಣನಿಗೆ ಹಗುರವಾಗುತ್ತಿತ್ತು.

“ಕಣ್ಣು ಮಾಡಿಸ್ಕಂಡು ಬಾ ಮಾರಾಯ. ಮಿಕ್ಕಿದ್ದು ಆಮೇಲೆ.”

“ನನ್ನ ಜಾಗ?”

“ಜಾಗ ಹಿಡಿದಿಡಾಕೆ ಇದೇನು ಬಸ್ಸಾ, ಟವಲ್ ಹಾಕಿ ಹೋಗಾಕೆ? ಕಣ್ಣು ಬಂದ್ರೆ ಹತ್ತು. ಬರದೆ ಇದ್ರೆ...” ಎಂದವನು ಅಲ್ಲಿಗೆ ನಿಲ್ಲಿಸಿದ. “ಬರ್ತೈತಿ ತಗಾ. ಈಗಿನ ಡಾಕ್ಟರು ಆಗಿನೋರ ಹಂಗಲ್ಲ.”

ಅದೇ ಎತ್ತರದ ಸಾರುವೆಯ ಮೇಲೆ ಈಗ ಮಾಸ್ತಪ್ಪ ಎಂಬ ಬೇರೊಬ್ಬ ಆಳು ಕುಳಿತಿದ್ದ. ಕೆಳಗಿನಿಂದ ಎಸೆಯುವವನೂ ಬೇರೆ. ಭೀಮಣ್ಣ ಜಲ್ಲಿಯ ಗುಡ್ಡೆಯ ಪಕ್ಕದಲ್ಲಿ ಒಂದು ಇಟ್ಟಿಗೆಯ ಮೇಲೆ ಕುಳಿತ. ಅವನಿಗೆ ಮಾಸ್ತಪ್ಪ ಕಾಣಲಿಲ್ಲ, ಇಟ್ಟಿಗೆ ಕಾಣಲಿಲ್ಲ. ಬೆಳಕಿನಲ್ಲಿ ಏನೋ ಕದಲುತ್ತಿತ್ತು. “ಹೋ” ಎಂಬ ಸದ್ದು ಬಂತು. ಬೇಡವೆಂದರೂ ಮನಸ್ಸು “ಚೌಡಮ್ಮಾ” ಎಂದಿತು. ಟಪ್. ಮತ್ತೆ “ಹೋ.” ಮತ್ತೆ ಹೆಸರು. ಟಪ್. ಒಂದು ಸಲವೂ ಹೆಸರಿಗೂ ಸದ್ದಿಗೂ ನಡುವೆ ಬಿರುಕು ಬೀಳಲಿಲ್ಲ. ಮಡಿಲಿನಲ್ಲಿದ್ದ ಅವನ ಎರಡು ಕೈಗಳು ಪ್ರತಿ ಸಲವೂ ತಾವಾಗಿಯೇ ತೆರೆದುಕೊಂಡು, ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು.

ಚೌಡೇಶ್ವರಿ ಪಕ್ಕದಲ್ಲಿ ನಿಂತು ಆ ಕೈಗಳನ್ನು ನೋಡುತ್ತಿದ್ದಳು.

“ಏಳಿ” ಎಂದಳು. “ಬಸ್ಸಿಗೆ ಹೊತ್ತಾತು.”

ಅವನು ಎದ್ದ. ಅವಳು ಎಡಗೈಯಿಂದ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಅಪ್ಪನನ್ನು ಅವನು ನಡೆಸುತ್ತಿದ್ದುದೂ ಹೀಗೆ, ಮಣಿಕಟ್ಟು ಹಿಡಿದೇ. ಆ ನೆನಪಿಗೆ ಅವನ ಹೆಜ್ಜೆ ಒಮ್ಮೆ ತಡೆಯಿತು. ಅವಳು ಹಿಡಿತ ಬಿಡಲಿಲ್ಲ. ಹಾಗೆಯೇ ರಸ್ತೆ ದಾಟಿಸಿ, ಬಸ್ಸಿನ ಬಾಗಿಲವರೆಗೆ ಕರೆತಂದು ನಿಲ್ಲಿಸಿದಳು.

“ಮೆಟ್ಟಿಲು” ಎಂದಳು.

ಭೀಮಣ್ಣ ಕಾಲೆತ್ತಿದ.